ಹೆದೆ ಎಳೆಯುವ ಮುನ್ನ: ಬಿಲ್ಲುಗಾರಿಕೆಯ ಪ್ರಶ್ನೋತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೂರು ಪತ್ರಗಳು ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಇನ್ನೊಂದು, ಅರಸೀಕೆರೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರದು. ಅವರ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದರಲ್ಲಿ ಒಂದು ಜೀವದ ನೋವಿನ ಮಾತಿದೆ.

ಪ್ರಶ್ನೆ: ಎಂಟು ವರ್ಷಗಳಿಂದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದೇನೆ. ಇಲ್ಲಿ ಪರವಾನಗಿ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಯಾಡಲು ಕಾನೂನಿನ ಅವಕಾಶವಿದೆ. ಕಳೆದ ಋತುವಿನಲ್ಲಿ ಸ್ನೇಹಿತರ ಜೊತೆ ಮೊದಲ ಬಾರಿಗೆ ಹೋಗಿದ್ದೆ. ಅಭ್ಯಾಸದ ಮೈದಾನದಲ್ಲಿ 40 ಗಜ ದೂರದಲ್ಲೂ ನನ್ನ ಗುರಿ ತಪ್ಪುವುದಿಲ್ಲ. ಆದರೆ ಮರದ ಮೇಲಿನ ಅಟ್ಟಣಿಗೆಯಿಂದ ಬಿಟ್ಟ ಬಾಣ ಜಿಂಕೆಯ ಬೆನ್ನಿನ ಮೇಲೆ ಹಾದುಹೋಯಿತು. ಹೊಸಬರು ಎಲ್ಲಿ ಎಡವುತ್ತಾರೆ? (ಅರಸೀಕೆರೆ ಮೂಲದ ಓದುಗರು)

ಉತ್ತರ: ಬಾಣ ಬೆನ್ನಿನ ಮೇಲೆ ಹಾದುಹೋದದ್ದು ನಿಮ್ಮ ಪುಣ್ಯ, ಆ ಜಿಂಕೆಯ ಪುಣ್ಯ ಕೂಡ. ಅದೇ ಬಾಣ ಒಂದು ಗೇಣು ಕೆಳಗೆ, ಒಂದು ಮೊಳ ಹಿಂದಕ್ಕೆ ನಾಟಿದ್ದರೆ ನೀವು ಈ ಪತ್ರವನ್ನು ಬೇರೆಯೇ ಮನಸ್ಸಿನಿಂದ ಬರೆಯಬೇಕಾಗುತ್ತಿತ್ತು. ಗುಂಡು ತಗುಲಿದ ಪ್ರಾಣಿ ಅದರ ಹೊಡೆತದ ಆಘಾತಕ್ಕೇ ನೆಲಕ್ಕುರುಳುವುದುಂಟು. ಬಾಣಕ್ಕೆ ಆ ಬಲವಿಲ್ಲ. ಬಾಣದ ಅಲಗು ಒಳಗಿನ ರಕ್ತನಾಳಗಳನ್ನು ಕೊಯ್ದು, ರಕ್ತ ಸೋರಿಸಿ, ಶ್ವಾಸಕೋಶ ಕುಸಿಯುವಂತೆ ಮಾಡಿ ಕೊಲ್ಲುತ್ತದೆ. ಆದ್ದರಿಂದ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗವನ್ನು ಬಿಟ್ಟು ಬೇರೆ ಕಡೆ ತಗುಲಿದರೆ ಸಾಮಾನ್ಯವಾಗಿ ಸಾವು ನಿಧಾನ, ನರಳಾಟ ದೀರ್ಘ. ನಿಮ್ಮ ಕಡೆಯ ಬಿಳಿಬಾಲದ ಜಿಂಕೆಯಲ್ಲಿ ಆ ಭಾಗ ಮುಂಗಾಲಿಗೆ ಹೊಂದಿಕೊಂಡಂತೆ ನಮ್ಮ ಒಂದು ಅಕ್ಕಿರೊಟ್ಟಿಯಷ್ಟು, ಅಂದರೆ 20ರಿಂದ 25 ಸೆಂಟಿಮೀಟರ್ ಅಗಲವಿರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಹತ್ತು ವರ್ಷದವನಿದ್ದಾಗ, ಸಕಲೇಶಪುರದ ಕಡೆಯ ನಮ್ಮೂರಿನಲ್ಲಿ ಕದ್ದು ಶಿಕಾರಿಗೆ ಹೋದವರ ಈಡಿಗೆ ಸಿಕ್ಕಿದ ಕಡವೆಯೊಂದು ತಪ್ಪಿಸಿಕೊಂಡು ಹಳುವಿನೊಳಗೆ ಸೇರಿಕೊಂಡಿತ್ತು. ಕತ್ತಲಾಯಿತೆಂದು ಅವರು ಹುಡುಕುವುದನ್ನು ಬಿಟ್ಟು ಮನೆಗೆ ಬಂದರು. ಮೂರನೆಯ ದಿನ ಏಲಕ್ಕಿ ತೋಟದ ಕೆಳಗಿನ ಹಳ್ಳದಲ್ಲಿ ನಾವು ಹುಡುಗರು ಅದನ್ನು ಕಂಡೆವು. ಮುಂಗಾಲುಗಳನ್ನು ಮಡಚಿ, ಮೂತಿಯನ್ನು ನೀರಿಗಿಟ್ಟುಕೊಂಡೇ ಅದು ಸತ್ತಿತ್ತು. ದಂಡೆಯ ಕೆಸರಿನ ತುಂಬ ಅದರದೇ ಗೊರಸಿನ ಗುರುತು. ಎದ್ದು, ಬಿದ್ದು, ಮತ್ತೆ ಎದ್ದು ನೀರಿಗೆ ಬಂದದ್ದನ್ನು ಆ ಕೆಸರಿನಲ್ಲೇ ಓದಬಹುದಾಗಿತ್ತು. ಅದು ಬಾಣದ ಗಾಯವಲ್ಲ, ಕೋವಿಯದು. ಆದರೂ ಯಾರಾದರೂ ಬೇಟೆಯ ಬಿಲ್ಲಿನ ಬಗ್ಗೆ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹಳ್ಳದ ದಂಡೆ.

ಈಗ ನಿಮ್ಮ 40 ಗಜದ ಮಾತಿಗೆ ಬರೋಣ. ಮೈದಾನದಲ್ಲಿ ಗುರಿ ತಪ್ಪುವುದಿಲ್ಲ ಎಂದಿದ್ದೀರಿ; ಅದು ಆ ದಿನದ ಎಷ್ಟನೆಯ ಬಾಣ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮೈ ಬಿಸಿಯಾಗಿ, ತೋಳು ಪಳಗಿ, ಹತ್ತಿಪ್ಪತ್ತು ಬಾಣಗಳಾದ ಮೇಲೆ ಕೈ ಕೂರುವುದು ಎಲ್ಲರ ಅನುಭವ. ಕಾಡಿನಲ್ಲಿ ಆ ಹತ್ತಿಪ್ಪತ್ತು ಬಾಣಗಳಿಲ್ಲ. ಎರಡು ಮೂರು ಗಂಟೆ ಅಲುಗಾಡದೆ ಕುಳಿತು, ಬೆರಳು ಮರಗಟ್ಟಿ, ಎದೆ ಹೊಡೆದುಕೊಳ್ಳುತ್ತಿರುವಾಗ ಬಿಡುವ ಮೊದಲ ಬಾಣವೇ ಕೊನೆಯ ಬಾಣವೂ ಆಗಿರುತ್ತದೆ. ಹಾಗಾಗಿ ಋತುವಿಗೆ ಮುಂಚಿನ ಒಂದು ತಿಂಗಳು ದಿನಕ್ಕೊಂದೇ ಬಾಣವನ್ನು, ಬೇಟೆಗೆ ಹಾಕಿಕೊಳ್ಳುವ ದಪ್ಪ ಕೋಟನ್ನೇ ತೊಟ್ಟು, ಒಮ್ಮೆ ಕುಳಿತು, ಒಮ್ಮೆ ಮಂಡಿಯೂರಿ ಬಿಟ್ಟು ನೋಡಿ ಬರೆದಿಡಿ. ಆ ಮೊದಲ ಬಾಣಗಳೆಲ್ಲವೂ ಅಕ್ಕಿರೊಟ್ಟಿಯಷ್ಟು ಜಾಗದೊಳಗೆ ಬೀಳುವ ದೂರ ಯಾವುದೋ, ಅದೇ ನಿಮ್ಮ ನಿಜವಾದ ದೂರ. ಬಹುಪಾಲು ಹೊಸಬರಿಗೆ ಅದು 20 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ.

ದೂರವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವುದು ಮುಂದಿನ ದೊಡ್ಡ ತಪ್ಪು. ಸೆಕೆಂಡಿಗೆ 80 ಮೀಟರ್ ವೇಗದ ಬಾಣ 30 ಮೀಟರ್ ಕ್ರಮಿಸುವಷ್ಟರಲ್ಲಿ ಗುರುತ್ವದಿಂದ ಸುಮಾರು 70 ಸೆಂಟಿಮೀಟರ್ ಇಳಿದಿರುತ್ತದೆ. ಬಿಲ್ಲಿನ ಗುರಿಕಡ್ಡಿ ಆ ಇಳಿತವನ್ನು ಸರಿದೂಗಿಸುವಂತೆ ಹೊಂದಿಸಿರುತ್ತದೆ. 30 ಮೀಟರಿಗೆ ಹೊಂದಿಸಿದ ಕಡ್ಡಿಯಿಂದ 40 ಮೀಟರಿನಲ್ಲಿ ನಿಂತ ಪ್ರಾಣಿಗೆ ಬಾಣ ಬಿಟ್ಟರೆ ಅದು ಸುಮಾರು ಒಂದು ಅಡಿ ಕೆಳಗೆ ಹೋಗುತ್ತದೆ. ದೂರವನ್ನು ಹೆಚ್ಚಾಗಿ ಊಹಿಸಿದರೆ, ನಿಮಗಾದಂತೆ, ಬೆನ್ನಿನ ಮೇಲೆ ಹಾರುತ್ತದೆ. ಅಟ್ಟಣಿಗೆ ಹತ್ತಿ ಕುಳಿತ ಕೂಡಲೇ, ಪ್ರಾಣಿ ಬರುವುದಕ್ಕೆ ಮುಂಚೆಯೇ, ಸುತ್ತಲಿನ ಒಂದೊಂದು ಮರಕ್ಕೂ ಕಲ್ಲಿಗೂ ದೂರಮಾಪಕ ಹಿಡಿದು ನೋಡಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಇದಕ್ಕೆ ಮದ್ದು. ಇಳಿಜಾರಿನಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ: 30 ಡಿಗ್ರಿ ಓರೆಯಲ್ಲಿ ಕಣ್ಣಿನ ನೇರಕ್ಕೆ 30 ಮೀಟರ್ ಇದ್ದರೆ, ನೆಲಮಟ್ಟದ ದೂರ ಸುಮಾರು 26 ಮೀಟರ್ ಮಾತ್ರ, ಗುರಿ ಹಿಡಿಯಬೇಕಾದದ್ದು ಆ 26ಕ್ಕೆ.

ನಿಮ್ಮ ಬಾಣ ಮೇಲೆ ಹಾರಲು ಇನ್ನೆರಡು ಕಾರಣಗಳು ಇರಬಹುದು. ಒಂದು, ಎತ್ತರದಿಂದ ಕೆಳಕ್ಕೆ ಗುರಿಯಿಡುವಾಗ ಸೊಂಟದಲ್ಲಿ ಬಾಗದೆ ಬಿಲ್ಲು ಹಿಡಿದ ತೋಳನ್ನಷ್ಟೇ ಕೆಳಗಿಳಿಸುವುದು. ಹಾಗೆ ಮಾಡಿದರೆ ಎಳೆತದ ಉದ್ದ ಬದಲಾಗುತ್ತದೆ, ಕಣ್ಣು ಹೆದೆಯ ನೇರದಿಂದ ಸರಿಯುತ್ತದೆ. ಮೊದಲು ಸಮತಟ್ಟಾಗಿ ಪೂರ್ತಿ ಎಳೆದು, ಭುಜ ಮತ್ತು ತೋಳುಗಳ ಆಕಾರ ಕೆಡದಂತೆ ಸೊಂಟದಿಂದ ಬಾಗಬೇಕು. ಇನ್ನೊಂದು, ಹೆದೆಯ ಸದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಮೀಟರ್ ಆಚೆಯ ಜಿಂಕೆಯ ಕಿವಿಗೆ ಸದ್ದು ಮುಟ್ಟಿದ ಮೇಲೆ ಬಾಣ ತಲುಪಲು ಇನ್ನೂ ಕಾಲು ಸೆಕೆಂಡಿಗಿಂತ ಹೆಚ್ಚು ಸಮಯವಿರುತ್ತದೆ. ಬೆದರಿದ ಜಿಂಕೆ ನೆಗೆಯುವುದಕ್ಕೆ ಮೊದಲು ಕಾಲು ಮಡಚಿ ಕೆಳಕ್ಕೆ ಕುಸಿಯುತ್ತದೆ, ಬಾಣ ಮೇಲೆ ಹೋಗುತ್ತದೆ. ಕಿವಿ ನಿಮಿರಿಸಿ ನಿಮ್ಮ ಕಡೆಗೇ ನೋಡುತ್ತಿರುವ ಜಿಂಕೆಗೆ ಬಾಣ ಬಿಡಬಾರದು ಎನ್ನುವುದು ಇದಕ್ಕಾಗಿಯೇ. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಓರೆಯಾಗಿ ನಮಗೆ ಬೆನ್ನು ಕೊಟ್ಟು ಅತ್ತ ತಿರುಗಿರಬೇಕು. ಎದುರಿಗೆ ಮುಖ ಮಾಡಿದ್ದರೆ, ಓಡುತ್ತಿದ್ದರೆ, ನಡುವೆ ಒಂದು ಸಣ್ಣ ರೆಂಬೆ ಅಡ್ಡವಿದ್ದರೂ ಸಹ, ಎಳೆದ ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟುಕೊಳ್ಳಬೇಕು. ಹೀಗೆ ಎಳೆದು, ಬಾಣ ಬಿಡದೆ ಇಳಿಸುವುದನ್ನು ಸಹ ಮೈದಾನದಲ್ಲಿ ಅಭ್ಯಾಸ ಮಾಡಬೇಕು. ಅದನ್ನು ಮಾಡುವವರೇ ಕಡಿಮೆ, ಹಾಗಾಗಿ ಕಾಡಿನಲ್ಲಿ ಎಳೆದ ಮೇಲೆ ಬಿಡಲೇಬೇಕು ಎಂಬ ಒತ್ತಡಕ್ಕೆ ಅವರು ಸಿಲುಕುತ್ತಾರೆ.

ಅಲಗಿನ ಹರಿತದ ಬಗ್ಗೆ ಉದಾಸೀನ ಬೇಡ. ಅಭ್ಯಾಸಕ್ಕೆ ಬಳಸುವ ಮೊನೆಗೂ ಬೇಟೆಯ ಅಗಲ ಅಲಗಿಗೂ ಬಾಣದ ಹಾರಾಟ ಬೇರೆ. ಬೇಟೆಯ ಅಲಗನ್ನೇ ತೊಡಿಸಿ ಕೆಲವು ಬಾಣ ಬಿಟ್ಟು, ಗುರಿಕಡ್ಡಿ ಸರಿಪಡಿಸಿ, ಆಮೇಲೆ ಹೊಸ ಅಲಗು ಹಾಕಿಕೊಂಡು ಹೋಗಬೇಕು. ಅಟ್ಟಣಿಗೆಯ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಮರದಿಂದ ಬೀಳುವುದು ಅಲ್ಲಿನ ಬೇಟೆಗಾರರಿಗಾಗುವ ಗಂಭೀರ ಗಾಯಗಳ ಮುಖ್ಯ ಕಾರಣಗಳಲ್ಲೊಂದು. ಮೈಗೆಲ್ಲ ಕಟ್ಟುವ ರಕ್ಷಣಾಪಟ್ಟಿಯನ್ನು ನೆಲ ಬಿಡುವ ಮೊದಲೇ ಮರಕ್ಕೆ ಸಿಕ್ಕಿಸಿ, ಮತ್ತೆ ನೆಲ ಮುಟ್ಟುವವರೆಗೆ ಬಿಚ್ಚಬೇಡಿ. ಬಿಲ್ಲನ್ನು ಕೈಯಲ್ಲಿ ಹಿಡಿದು ಹತ್ತದೆ, ಬಾಣಗಳನ್ನು ಮುಚ್ಚಿದ ಬತ್ತಳಿಕೆಯಲ್ಲಿಟ್ಟು, ಮೇಲೆ ಕುಳಿತ ಬಳಿಕ ಹಗ್ಗದಿಂದ ಎಳೆದುಕೊಳ್ಳಿ.

ಬಾಣ ತಗುಲಿದ ಮೇಲಿನ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು: ಉತ್ಸಾಹದಲ್ಲಿ ತಕ್ಷಣ ಕೆಳಗಿಳಿದು ಬೆನ್ನಟ್ಟುವುದು. ಚೆನ್ನಾಗಿ ತಗುಲಿದ್ದರೂ ಕನಿಷ್ಠ ಅರ್ಧ ಗಂಟೆ ಕುಳಿತಲ್ಲೇ ಕಾಯಬೇಕು. ಆಮೇಲೆ ಬಾಣವನ್ನು ಹುಡುಕಿ ನೋಡಿ. ನೊರೆಯಿರುವ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ, ಪ್ರಾಣಿ ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾದರೆ ಯಕೃತ್ತು ಇರಬಹುದು, ಮೂರು ನಾಲ್ಕು ಗಂಟೆ ಬಿಡಬೇಕು. ಹಸಿರು ಮಿಶ್ರಿತ ದ್ರವ, ದುರ್ನಾತ ಇದ್ದರೆ ಹೊಟ್ಟೆಗೆ ತಗುಲಿದೆ ಎಂದರ್ಥ. ಆರರಿಂದ ಎಂಟು ಗಂಟೆ ಕಾಯದೆ ಹೋದರೆ ಮಲಗಿದ್ದ ಪ್ರಾಣಿ ಎದ್ದು ಮೈಲಿಗಟ್ಟಲೆ ಓಡಿ, ಕೊನೆಗೆ ಯಾರಿಗೂ ಸಿಗದೆ ಸಾಯುತ್ತದೆ. ಕಾದ ಮೇಲೆ ಹುಡುಕಲೇಬೇಕು; ಕತ್ತಲು, ಚಳಿ, ಮರುದಿನದ ಕೆಲಸ ಯಾವುದೂ ನೆಪವಾಗಬಾರದು. ನೀವಿರುವ ವಿಸ್ಕಾನ್ಸಿನ್ 1934ರಷ್ಟು ಹಿಂದೆಯೇ ಬಿಲ್ಲಿನ ಜಿಂಕೆ ಬೇಟೆಗೆ ಪ್ರತ್ಯೇಕ ಋತುವನ್ನು ತೆರೆದ ರಾಜ್ಯ. ಅಲ್ಲಿ ಬಿಲ್ಲುಬೇಟೆಯ ಶಿಕ್ಷಣ ತರಗತಿಗಳಿವೆ. ಈ ವರ್ಷ ಮತ್ತೆ ಕಾಡಿಗೆ ಹೋಗುವ ಮುನ್ನ ಒಂದಕ್ಕೆ ಸೇರಿಕೊಳ್ಳಿ.

ಪ್ರಶ್ನೆ: ನಮ್ಮ ಗದ್ದೆಗೂ ತೋಟಕ್ಕೂ ಹಂದಿ ಕಾಟ ವಿಪರೀತವಾಗಿದೆ. ಕೋವಿಯಾದರೆ ಸದ್ದು, ಲೈಸೆನ್ಸು. ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲು ಆನ್‌ಲೈನ್‌ನಲ್ಲೇ ಸಿಗುತ್ತದೆ. ಹಂದಿಗೆ ಎಷ್ಟು ಪೌಂಡಿನ (ಹೆದೆ ಎಳೆಯಲು ಬೇಕಾಗುವ ಬಲದ) ಬಿಲ್ಲು ಬೇಕು? (ಮೂಡಿಗೆರೆಯ ಓದುಗರು)

ಉತ್ತರ: ಆ ಅಂಕಿಯನ್ನು ನಾನು ಕೊಡುವುದಿಲ್ಲ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ತೆನೆ ಕಟ್ಟಿದ ಗದ್ದೆ ಒಂದೇ ರಾತ್ರಿಯಲ್ಲಿ ಉತ್ತು ಹಾಕಿದಂತಾಗುವುದನ್ನು ನಾನೂ ಕಂಡಿದ್ದೇನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಕೋವಿ, ಬಿಲ್ಲು, ಉರುಳು ಎಂಬ ಭೇದವಿಲ್ಲ. ಕೊಲ್ಲುವುದು ಮಾತ್ರವಲ್ಲ, ಗಾಯಗೊಳಿಸುವುದು, ಉರುಳಿಡುವುದು, ಅಟ್ಟುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಅದರಲ್ಲಿ ಬೇಟೆಯೇ. ಸೆಕ್ಷನ್ 9 ಅದನ್ನು ನಿಷೇಧಿಸುತ್ತದೆ; ಕಾಡುಹಂದಿಯೂ ಕಾಯ್ದೆಯ ಅನುಸೂಚಿಯಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ, ಇದೆ. ಕತ್ತಲಲ್ಲಿ ಕಾಫಿ ಗಿಡದ ನಡುವೆ ಹಂದಿಯೆಂದು ಹೊಡೆದದ್ದು ಮೊದಲ ಅನುಸೂಚಿಯ ಪ್ರಾಣಿಯಾಗಿದ್ದರೆ 3 ವರ್ಷಕ್ಕೆ ಕಡಿಮೆಯಿಲ್ಲದೆ 7 ವರ್ಷದವರೆಗೆ ಜೈಲು ಕಾಯುತ್ತಿರುತ್ತದೆ. ಪ್ರಾಣಿ ಬೆಳೆಗೆ ಅಪಾಯಕಾರಿಯಾಗಿದೆ ಎಂದು ಲಿಖಿತ ಅನುಮತಿ ಕೊಡುವ ಅವಕಾಶ ಸೆಕ್ಷನ್ 11ರಲ್ಲಿದೆ. ಅದು ಅರಣ್ಯ ಇಲಾಖೆಯ ಅಧಿಕಾರಿಯ ತೀರ್ಮಾನ, ತೋಟದ ಮಾಲೀಕರದ್ದಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ಇದು ಕೆಟ್ಟ ಆಲೋಚನೆ. ಬಲಿತ ಗಂಡುಹಂದಿಯ ಭುಜದ ಮೇಲೆ ಗಟ್ಟಿ ಚರ್ಮದ ಕವಚವೇ ಇರುತ್ತದೆ. ಅನುಭವವಿಲ್ಲದವರ ಬಾಣ ಅಲ್ಲಿ ಸಿಕ್ಕಿಕೊಂಡರೆ ಹಂದಿ ಸಾಯುವುದಿಲ್ಲ, ಗಾಯದೊಂದಿಗೆ ನಿಮ್ಮದೇ ತೋಟದಲ್ಲಿ ಮಲಗಿರುತ್ತದೆ. ಮರುದಿನ ಬೆಳಿಗ್ಗೆ ಹಣ್ಣು ಕೊಯ್ಯಲು ಗಿಡದಡಿ ಬಗ್ಗುವ ಹೆಂಗಸರಿಗೆ ಅದು ಎದುರಾಗುತ್ತದೆ. ಬೆಳೆ ಹಾನಿಯಾದ ದಿನವೇ ಫೋಟೊ ತೆಗೆದು, ಪಹಣಿಯ ಜೊತೆ ವಲಯ ಅರಣ್ಯಾಧಿಕಾರಿಗೆ ಪರಿಹಾರದ ಅರ್ಜಿ ಕೊಡಿ. ಅಕ್ಕಪಕ್ಕದವರು ಸೇರಿ ಸೌರ ಬೇಲಿ ಹಾಕಿಸಿ, ಕೆಳಗಿನ ತಂತಿ ಹಂದಿಯ ಮೂತಿಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ, ಅದಕ್ಕೆ ಹುಲ್ಲು ತಾಗದಂತೆ ಆಗಾಗ ಸವರಿಸಿ. ಮನೆಯ ಕರೆಂಟನ್ನು ಬೇಲಿಗೆ ಕೊಡುವ ಯೋಚನೆಯನ್ನಂತೂ ಮಾಡಲೇಬೇಡಿ. ಅದು ಆನೆಯನ್ನೂ ಕೊಲ್ಲುತ್ತದೆ, ಆಳನ್ನೂ ಕೊಲ್ಲುತ್ತದೆ.

ಪ್ರಶ್ನೆ: ಮಕ್ಕಳನ್ನು ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಕರೆದೊಯ್ದಾಗ, ಬಿಲ್ಲು ಹಿಡಿದ ಬೇಟೆಗಾರ್ತಿ ಮದನಿಕೆಯ ಮುಂದೆ ಒಬ್ಬ ಹುಡುಗ ಕೇಳಿದ: ಈಗಿನ ಬಿಲ್ಲುಗಾರರು ಹೆಬ್ಬೆರಳನ್ನು ಬಳಸುವುದೇ ಇಲ್ಲವಲ್ಲ, ಮತ್ತೆ ದ್ರೋಣರು ಏಕಲವ್ಯನ ಹೆಬ್ಬೆರಳನ್ನೇ ಏಕೆ ಕೇಳಿದರು? (ಬೇಲೂರಿನ ಶಿಕ್ಷಕರು)

ಉತ್ತರ: ಆ ಹುಡುಗನಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ. ಹೆದೆ ಎಳೆಯುವ ರೀತಿಗಳು ಹಲವು. ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲು ಹಿಡಿಯುವ ಇಂದಿನ ಬಿಲ್ಲುಗಾರರು ತೋರು, ನಡು, ಉಂಗುರ ಬೆರಳುಗಳಿಂದ ಎಳೆಯುತ್ತಾರೆ. ಬಲಗೈಯವರಿಗೆ ಬಾಣ ಬಿಲ್ಲಿನ ಎಡಕ್ಕೆ ಕೂರುತ್ತದೆ, ಹೆಬ್ಬೆರಳಿಗೆ ಕೆಲಸವಿಲ್ಲ. ಮಂಗೋಲರು, ತುರ್ಕರು ಮೊದಲಾದ ಏಷ್ಯಾದ ಬಿಲ್ಲುಗಾರರು ಹೆಬ್ಬೆರಳನ್ನೇ ಕೊಕ್ಕೆ ಮಾಡಿ ಹೆದೆಗೆ ಹಾಕಿ, ತೋರುಬೆರಳಿನಿಂದ ಅದನ್ನು ಅದುಮಿ ಹಿಡಿಯುತ್ತಿದ್ದರು. ಆಗ ಬಾಣ ಬಲಕ್ಕೆ. ಮೊಗಲರ ಕಾಲದ ಜೇಡ್ ಕಲ್ಲಿನ ಹೆಬ್ಬೆರಳುಂಗುರಗಳು ಹೆದೆ ಬೆರಳನ್ನು ಕೊಯ್ಯದಿರಲೆಂದು ಆದವು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಾಣದ ಬುಡವನ್ನು ಚಿಟಿಕೆ ಹಿಡಿದಂತೆ ಹಿಡಿದೆಳೆಯುವುದು ಮೂರನೆಯ ರೀತಿ. ಬಿದಿರು ಕಡ್ಡಿಯ ಬಿಲ್ಲು ಮಾಡಿಕೊಂಡ ಪ್ರತಿಯೊಂದು ಮಗುವೂ ಹಿಡಿಯುವುದು ಹೀಗೆಯೇ. ಎರಡನೆಯ, ಮೂರನೆಯ ರೀತಿಗಳಲ್ಲಿ ಹೆಬ್ಬೆರಳು ಹೋದರೆ ಕೈ ಹೋದಂತೆ. ಬೆರಳು ಕೊಟ್ಟ ಮೇಲೆ ಏಕಲವ್ಯ ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ, ಆದರೆ ಮೊದಲಿನ ಕೈಚಳಕ ಉಳಿಯಲಿಲ್ಲವೆಂದೂ ಮಹಾಭಾರತದ ಆದಿಪರ್ವವೇ ಹೇಳುತ್ತದೆ. ಕಲಿತ ಹಿಡಿತ ಬದಲಾದಾಗ ಆಗುವುದು ಅದೇ.

ಒಂದು ಎಚ್ಚರಿಕೆ: 1117ರ ಆ ಶಿಲ್ಪಿಗೆ ಬೇಕಾಗಿದ್ದದ್ದು ಮೈಯ ಬಾಗು, ಬಾಣದ ಗುರಿಯಲ್ಲ. ಮಕ್ಕಳು ಆ ಭಂಗಿಯನ್ನು ಕಣ್ತುಂಬ ನೋಡಲಿ, ಮೈದಾನದಲ್ಲಿ ಅನುಕರಿಸುವುದು ಬೇಡ.

ಪ್ರಶ್ನೆ: ನನ್ನ ಹದಿಮೂರು ವರ್ಷದ ಮಗಳಿಗೆ ಬಿಲ್ಲುಗಾರಿಕೆಯ ಹುಚ್ಚು ಹಿಡಿದಿದೆ. ಪ್ರಾಣಿಯ ಬೊಂಬೆಗಳಿಗೆ ಗುರಿಯಿಡುವ ಸ್ಪರ್ಧೆಯ ವಿಡಿಯೊ ನೋಡಿ, ನಮ್ಮ ತೋಟದಲ್ಲೇ ಅಂಥದ್ದನ್ನು ಮಾಡಿಕೊಡಿ ಎನ್ನುತ್ತಾಳೆ. ಅಪಾಯವಿಲ್ಲವೇ? (ಚಿಕ್ಕಮಗಳೂರಿನ ಓದುಗರು)

ಉತ್ತರ: ಅದಕ್ಕೆ ತ್ರೀ-ಡಿ ಬಿಲ್ಲುಗಾರಿಕೆ ಎನ್ನುತ್ತಾರೆ. ಫೋಮಿನಿಂದ ಮಾಡಿದ ಪ್ರಾಣಿಗಳನ್ನು ಮರಗಳ ನಡುವೆ, ಏರುತಗ್ಗಿನಲ್ಲಿ, ದೂರವನ್ನು ತಿಳಿಸದೆ ನಿಲ್ಲಿಸಿರುತ್ತಾರೆ; ಅಂತರರಾಷ್ಟ್ರೀಯ ನಿಯಮದಂತೆ ಕಾಂಪೌಂಡ್ ಬಿಲ್ಲಿಗೆ ಗರಿಷ್ಠ ದೂರ 45 ಮೀಟರ್, ಇತರ ಬಿಲ್ಲುಗಳಿಗೆ 30 ಮೀಟರ್. ಮೇಲೆ ಅರಸೀಕೆರೆಯ ಓದುಗರಿಗೆ ಬೇಕೆಂದು ನಾನು ಹೇಳಿದ ಇಳಿಜಾರಿನ ಲೆಕ್ಕ, ಮೊದಲ ಬಾಣದ ಶಿಸ್ತು ಎಲ್ಲವೂ ಇಲ್ಲಿ ಬೇಕು, ಅವರಿಗೆ ಬೇಡವೆಂದ ಕಣ್ಣಳತೆಯೂ ಬೇಕು, ಆದರೆ ತಪ್ಪಿದರೆ ನೋಯುವ ಜೀವವಿಲ್ಲ. ನಮ್ಮ ಗುಡ್ಡಗಾಡಿಗೆ ಇದಕ್ಕಿಂತ ಒಪ್ಪುವ ಆಟ ನನಗೆ ಗೊತ್ತಿಲ್ಲ. 2023ರಲ್ಲಿ ಬರ್ಲಿನ್‌ನಲ್ಲಿ ಕಾಂಪೌಂಡ್ ಬಿಲ್ಲಿನ ವಿಶ್ವ ಚಾಂಪಿಯನ್ ಆದಾಗ ಅದಿತಿ ಸ್ವಾಮಿಗೆ 17 ವರ್ಷ ಎಂಬುದನ್ನು ನಿಮ್ಮ ಮಗಳಿಗೆ ಹೇಳಿ.

ಪೋಷಕರು ಮಾಡುವ ದೊಡ್ಡ ತಪ್ಪು, ಮುಂದೆ ದೊಡ್ಡವಳಾಗುತ್ತಾಳೆಂದು ಈಗಲೇ ಹೆಚ್ಚು ಬಿಗಿಯ ಬಿಲ್ಲು ಕೊಡಿಸುವುದು. ಅವಳ ವಯಸ್ಸಿಗೆ 14ರಿಂದ 20 ಪೌಂಡಿನ ರಿಕರ್ವ್ ಸಾಕು. ಬಾಣ ಹೂಡಿ, ಗುರಿಯ ಕಡೆಗೆ ಪೂರ್ತಿ ಎಳೆದು, ಹತ್ತು ಎಣಿಸುವವರೆಗೆ ನಡುಗದೆ ಹಿಡಿದು, ಮತ್ತೆ ಮೆಲ್ಲಗೆ ಇಳಿಸಲು ಬರದಿದ್ದರೆ ಆ ಬಿಲ್ಲು ಅವಳಿಗೆ ಹೆಚ್ಚಾಯಿತು. ಕೊಳ್ಳುವ ಮೊದಲು ಅವಳ ಯಾವ ಕಣ್ಣು ಪ್ರಬಲ ಎಂದು ನೋಡಿ: ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ಒಂದು ವಸ್ತುವನ್ನು ನೋಡಿಸಿ, ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಬಲ ಕಣ್ಣು. ಸಾಮಾನ್ಯವಾಗಿ ಹೆದೆ ಎಳೆಯುವ ಕೈಯನ್ನು ಅದರಂತೆ ಆರಿಸುವುದು ಒಳ್ಳೆಯದು.

ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು ಎಂಬುದನ್ನು ಅವಳಿಗಷ್ಟೇ ಅಲ್ಲ, ಮನೆಗೆ ಬರುವ ನೆಂಟರಿಷ್ಟರಿಗೂ ಹೇಳಿ. ಹಾಸನದಲ್ಲಿ ನಾನು ಹೇಳಿಕೊಡುವಾಗ ವಿದ್ಯಾರ್ಥಿಯೊಬ್ಬನ ಸ್ನೇಹಿತ, ನೋಡೋಣವೆಂದು ಬರಿ ಬಿಲ್ಲನ್ನು ಎಳೆದು ಬಿಟ್ಟ. ಒಣ ಕೊಂಬೆ ಮುರಿದಂಥ ಸದ್ದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಹೊಡೆದು, ಮೇಲಿನ ರೆಕ್ಕೆಯಲ್ಲಿ, ಅಂದರೆ ಹಿಡಿಯ ಮೇಲಿನ ಬಾಗುವ ಭಾಗದಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಅದು ಕಂಡಿತು. ನೋಡದೆ ಇನ್ನೊಮ್ಮೆ ಎಳೆದಿದ್ದರೆ ಮುಖದ ಹತ್ತಿರವೇ ಒಡೆಯುತ್ತಿತ್ತು. ಕಾರ್ಬನ್ ಬಾಣಗಳನ್ನೂ ಪ್ರತಿ ಸುತ್ತಿನ ನಂತರ ಸ್ವಲ್ಪ ಬಗ್ಗಿಸಿ, ತಿರುಗಿಸಿ, ಕಿವಿಗೊಟ್ಟು ಕೇಳಬೇಕು. ಚಟಚಟ ಎಂದರೆ ಆ ಬಾಣವನ್ನು ಮುರಿದೇ ಎಸೆಯಿರಿ, ಯಾರೂ ಮತ್ತೆ ಎತ್ತಿಕೊಳ್ಳದಂತೆ.

ತೋಟದಲ್ಲಿ ಗುರಿಗಳನ್ನು ನಿಲ್ಲಿಸುವಾಗ ಪ್ರತಿಯೊಂದರ ಹಿಂದೆಯೂ ಮಣ್ಣಿನ ದಿಬ್ಬ ಅಥವಾ ಏರು ಇರಲಿ, ಗುಡ್ಡದ ನೆತ್ತಿಯ ಅಂಚಿನಲ್ಲಿ, ಹಿಂದೆ ಬರಿ ಆಕಾಶ ಕಾಣುವಂತೆ ಯಾವುದನ್ನೂ ನಿಲ್ಲಿಸಬೇಡಿ. ಅಭ್ಯಾಸದ ಸಮಯವನ್ನು ತೋಟದ ಕೆಲಸದವರಿಗೆ ಹಿಂದಿನ ದಿನವೇ ತಿಳಿಸಿ, ಕಾಲುದಾರಿ ಸೇರುವ ಎರಡೂ ಕಡೆ ಕೆಂಪು ಬಟ್ಟೆ ಕಟ್ಟಿಸಿ. ಬಾಣ ಹೆಕ್ಕಲು ಹೋದವರು ಎಲ್ಲರೂ ಹಿಂದಿರುಗಿ ಬರುವವರೆಗೆ ಬಿಲ್ಲು ಕೆಳಗೇ ಇರಲಿ.